ಜನವರಿಯಲ್ಲಿ ಚೆನ್ನಾಗಿ ಬಂದ ಸಿನಮನ್ ರೋಲ್ ಏಪ್ರಿಲ್‌ನಲ್ಲಿ ಯಾಕೆ ಹೀಗಾಯಿತು?

ಮಹಡಿಮನೆ, ತುಮಕೂರು

ಬೇಕಿಂಗ್ ಗೊತ್ತಿರುವವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ನಮ್ಮದು ಎಸ್.ಎಸ್. ಪುರಂ ಕಡೆ ಬಾಡಿಗೆ ಮನೆ, ಮೇಲಿನ ಮಹಡಿ. ಅಡುಗೆಮನೆ ಕಿಟಕಿ ಪಶ್ಚಿಮಕ್ಕೆ. ಈಗ ಮಧ್ಯಾಹ್ನ ಎರಡರ ಮೇಲೆ ಒಳಗೆ ನಿಲ್ಲುವುದಕ್ಕೇ ಆಗಲ್ಲ, ಕಟ್ಟೆಯ ಗ್ರಾನೈಟ್ ಕೂಡ ಬೆಚ್ಚಗಿರುತ್ತದೆ.

ಸಂಕ್ರಾಂತಿ ರಜೆಯಲ್ಲಿ ಮಗಳು ಕೇಳಿದಳು ಅಂತ ವಿಡಿಯೋ ನೋಡಿಕೊಂಡು ಸಿನಮನ್ ರೋಲ್, ಅದೇ ಚಕ್ಕೆ ಸಕ್ಕರೆ ಹಚ್ಚಿ ಸುರುಳಿ ಸುತ್ತಿದ ಬನ್, ಮಾಡಿದ್ದೆ. ಮೊಟ್ಟೆ ಹಾಕದ್ದು, ಅತ್ತೆ ತಿನ್ನಲ್ಲ. ತುಂಬಾ ಚೆನ್ನಾಗಿ ಬಂದಿತ್ತು. ಕೆಳಗಿನ ಮನೆಯವರು ತಟ್ಟೆ ವಾಪಸ್ ಕೊಡುವಾಗ ಮತ್ತೆ ಯಾವಾಗ ಅಂತ ಕೇಳಿದ್ದರು. ಅದೇ ಧೈರ್ಯದಲ್ಲಿ ಹೋದ ಭಾನುವಾರ ನಾದಿನಿ ಮನೆಯವರು ಬರುತ್ತಾರೆ ಅಂತ ಮತ್ತೆ ಕೈ ಹಾಕಿದೆ. ಅದೇ ವಿಡಿಯೋ, ಅದೇ ಅಳತೆ. ಮೈದಾ ಅರ್ಧ ಕೆಜಿ, ಉಗುರುಬೆಚ್ಚಗಿನ ಹಾಲು 270 ಎಂಎಲ್, ಇನ್‌ಸ್ಟಂಟ್ ಈಸ್ಟ್ 7 ಗ್ರಾಂ, ಸಕ್ಕರೆ 75 ಗ್ರಾಂ, ಬೆಣ್ಣೆ 75 ಗ್ರಾಂ, ಒಂದು ಚಮಚ ಉಪ್ಪು. ಹೂರಣಕ್ಕೆ ಬೆಣ್ಣೆ 100 ಗ್ರಾಂ, ಬ್ರೌನ್ ಶುಗರ್ 120 ಗ್ರಾಂ, ಚಕ್ಕೆ ಪುಡಿ ಎರಡು ದೊಡ್ಡ ಚಮಚ. ಹಿಟ್ಟು ಮೊದಲು ಒಂದೂವರೆ ಗಂಟೆ ಉಬ್ಬಬೇಕು, ಸುತ್ತಿ ಕತ್ತರಿಸಿದ ಮೇಲೆ ಮುಕ್ಕಾಲು ಗಂಟೆ ಅಂತ ವಿಡಿಯೋದಲ್ಲಿ ಹೇಳುತ್ತಾರೆ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡೇ ಮಾಡಿದೆ.

ಅಲಾರಂ ಹೊಡೆದಾಗ ನೋಡಿದರೆ ಹಿಟ್ಟು ಪಾತ್ರೆಯ ಮುಚ್ಚಳಕ್ಕೆ ಹೋಗಿ ಅಂಟಿತ್ತು. ಮುಚ್ಚಳ ಎತ್ತಿದ ಕೂಡಲೇ ನಡುವೆ ಕುಸಿದು ಮೇಲೆಲ್ಲ ಸುಕ್ಕಾಯಿತು. ಅತ್ತೆ ಹಾಲ್‌ನಲ್ಲಿ ಕೂತಲ್ಲಿಂದಲೇ “ಏನೇ ಅದು ಹೆಂಡದ ವಾಸನೆ” ಅಂದರು. ಲಟ್ಟಿಸಲು ಹೋದರೆ ಕಟ್ಟೆಗೆ ಅಂಟುತ್ತದೆ, ಎತ್ತಿದರೆ ಹರಿಯುತ್ತದೆ. ಹೇಗೋ ಬೆಣ್ಣೆ ಸವರಿ ಸುತ್ತಿದೆ. ಚಾಕು ಇಟ್ಟರೆ ಒಂದೊಂದೂ ಚಪ್ಪಟೆಯಾಗಿ ಕೂತಿತು. ಓಟಿಜಿಗೆ (ಕರೆಂಟಿನ ಪುಟ್ಟ ಓವನ್) ಇಟ್ಟ ಹತ್ತು ನಿಮಿಷಕ್ಕೆ ಬೆಣ್ಣೆ ಸಕ್ಕರೆ ಎಲ್ಲ ಹೊರಗೆ ಬಂದು ಕೊತಕೊತ ಕುದಿಯಿತು, ಟ್ರೇ ದಾಟಿ ಕೆಳಗಿನ ರಾಡ್ ಮೇಲೆ ಬಿತ್ತು. ಮನೆ ತುಂಬ ಹೊಗೆ. ಅಷ್ಟರಲ್ಲಿ ಕರೆಂಟ್ ಹೋಯಿತು! ಟ್ರೇ ಹೊರಗೆ ತೆಗೆಯೋಣ ಅಂತ ಕೈಗೆ ಸಿಕ್ಕ ಕರವಸ್ತ್ರದಲ್ಲಿ ಹಿಡಿದರೆ ಅದು ಒದ್ದೆಯಾಗಿತ್ತು, ಚುರುಕ್ ಅಂತು, ಟ್ರೇ ಓರೆಯಾಗಿ ಬಿಸಿ ಪಾಕ ಮಣಿಕಟ್ಟಿನ ಮೇಲೆ ಬಿತ್ತು. ನಾದಿನಿ ಓಡಿಬಂದು ಟೂತ್‌ಪೇಸ್ಟ್ ಬಳಿದಳು. ರೋಲ್ ತಳ ಇದ್ದಿಲು, ಮೇಲೆ ಬಿಳಿ, ನಡುವೆ ಹಸಿ.

ಈಸ್ಟ್ ಜನವರಿಯಲ್ಲಿ ಒಡೆದ ಪ್ಯಾಕೆಟ್ಟೇ. ರಬ್ಬರ್ ಬ್ಯಾಂಡ್ ಹಾಕಿ ಶೆಲ್ಫ್‌ನಲ್ಲಿ ಇಟ್ಟಿದ್ದೆ. ಅದು ಕೆಟ್ಟಿದೆಯಾ? ಇಲ್ಲ ಅಂದರೆ ಬೇರೆ ಏನು? ಮಗಳ ಪರೀಕ್ಷೆ ಮುಗಿದಿದೆ, ದಿನಾ ಕೇಳುತ್ತಾಳೆ.

ಸುಮ್ನೆ ಓದುವವ

ಈಸ್ಟ್ ಸತ್ತಿದೆ. ಹೊಸ ಪ್ಯಾಕೆಟ್ ತನ್ನಿ. ಅಷ್ಟೇ.

ಬೇಕರಿ ಮನೆಯವ, ತುಮಕೂರು

ಈಸ್ಟ್ ಸತ್ತಿದ್ದರೆ ಹಿಟ್ಟು ಮುಚ್ಚಳಕ್ಕೆ ಹೋಗಿ ಅಂಟುತ್ತಿತ್ತಾ ಸ್ವಾಮಿ? ಮೇಡಂ, ಹೊಸ ಪ್ಯಾಕೆಟ್ ತಂದು ಹೀಗೇ ಮಾಡಿದರೆ ಇನ್ನೂ ಬೇಗ ಕೆಡುತ್ತದೆ. ನಮ್ಮದು ಹಾಸನದ ಕಡೆಯಿಂದ ಬಂದ ಬೇಕರಿ ಮನೆತನ, ನಾನು ಹಿಟ್ಟಿನ ವಾಸನೆಯಲ್ಲೇ ಬೆಳೆದವನು. ನಿಮ್ಮ ಹಿಟ್ಟು ಹುಳಿದು ದಾಟಿ ಹೋಗಿದೆ. ಹೆಂಡದ ವಾಸನೆ ಅಂದರಲ್ಲ ಅತ್ತೆಯವರು, ಸರಿಯಾಗಿಯೇ ಹೇಳಿದ್ದಾರೆ. ಈಸ್ಟ್ ಸಕ್ಕರೆ ತಿಂದು ಗಾಳಿಯ ಜೊತೆಗೆ ಆಲ್ಕೋಹಾಲನ್ನೂ ಬಿಡುತ್ತದೆ. ಆ ವಾಸನೆ ಹಾಲ್‌ವರೆಗೂ ಬಂತು ಅಂದರೆ ಹೊತ್ತು ಮೀರಿತು ಅಂತಲೇ ಲೆಕ್ಕ.

ಆ ವಿಡಿಯೋ ಮಾಡಿದವರ ಅಡುಗೆಮನೆ 20, 22 ಡಿಗ್ರಿ ಇರುತ್ತದೆ. ಸಂಕ್ರಾಂತಿ ಹೊತ್ತಿಗೆ ನಿಮ್ಮದೂ ಹೆಚ್ಚುಕಮ್ಮಿ ಹಾಗೇ ಇತ್ತು, ಅದಕ್ಕೇ ಗಡಿಯಾರ ಹೊಂದಿಕೊಂಡಿತು. ಈಗ ತುಮಕೂರಿನಲ್ಲಿ ಹೊರಗೇ 36, 37 ಮುಟ್ಟುತ್ತದೆ. ಮೇಲಿನ ಮಹಡಿ, ಪಶ್ಚಿಮದ ಕಿಟಕಿ, ಪಕ್ಕದಲ್ಲಿ ಓಟಿಜಿ ಬೇರೆ ಕಾಯುತ್ತಿದೆ. ಎಂಟು ಹತ್ತು ಡಿಗ್ರಿ ಏರಿದರೆ ಈಸ್ಟಿನ ಕೆಲಸ ಸುಮಾರು ಎರಡರಷ್ಟು ಬೇಗ ಆಗುತ್ತದೆ. ಒಂದೂವರೆ ಗಂಟೆಯ ಕೆಲಸ ಮುಕ್ಕಾಲು ಗಂಟೆಗಿಂತ ಮೊದಲೇ ಮುಗಿದಿದೆ, ಉಳಿದ ಹೊತ್ತೆಲ್ಲ ಹಿಟ್ಟು ಕೆಟ್ಟಿದೆ. ಅದರ ಮೇಲೆ ಉಗುರುಬೆಚ್ಚಗಿನ ಹಾಲು ಬೇರೆ ಹಾಕಿದ್ದೀರಿ. ಇಡ್ಲಿ ಹಿಟ್ಟನ್ನು ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೆ ರುಬ್ಬಿಟ್ಟರೂ ಬೆಳಿಗ್ಗೆ ಡಬ್ಬಿ ದಾಟಿ ಹರಿದಿರುತ್ತದೆ ಅಲ್ವಾ, ಇದೂ ಅದೇ. ನಮ್ಮ ಬೇಕರಿಯಲ್ಲಿ ಶಿವರಾತ್ರಿ ಕಳೆದ ಮೇಲೆ ಬನ್ ಹಿಟ್ಟಿಗೆ ಐಸ್ ನೀರೇ ಹಾಕುವುದು, ಈಸ್ಟನ್ನೂ ಇಳಿಸುತ್ತೇವೆ. ಅಪ್ಪ ಗಡಿಯಾರ ನೋಡಿದ್ದನ್ನು ನಾನು ನೋಡಿಲ್ಲ, ಬೆರಳಿನಲ್ಲಿ ಒತ್ತಿ ನೋಡುತ್ತಿದ್ದರು. ಮೈದಾ ಹಚ್ಚಿದ ಬೆರಳನ್ನು ಒಂದು ಗೆಣ್ಣಿನಷ್ಟು ಒತ್ತಿ ತೆಗೆಯಿರಿ. ಗುಳಿ ತಟ್ಟನೆ ತುಂಬಿಕೊಂಡರೆ ಇನ್ನೂ ಆಗಿಲ್ಲ. ನಿಧಾನಕ್ಕೆ ಅರ್ಧ ತುಂಬಿದರೆ ಸರಿಯಾಗಿದೆ. ಗುಳಿ ಹಾಗೇ ಉಳಿದು ಸುತ್ತಲೂ ಕುಸಿದರೆ ಹೊತ್ತು ಮೀರಿದೆ.

ಎರಡನೆಯದು ಬೆಣ್ಣೆ. ಬೆಣ್ಣೆ ಕರಗುವುದೇ 32ರಿಂದ 35 ಡಿಗ್ರಿಗೆ. ಅಂದರೆ ನಿಮ್ಮ ಅಡುಗೆಮನೆಯಲ್ಲಿ ಅದು ಬೆಣ್ಣೆಯಾಗಿ ಇರುವುದೇ ಇಲ್ಲ, ಎಣ್ಣೆ. ಸಕ್ಕರೆ ಹಿಟ್ಟಿನ ನೀರನ್ನು ಎಳೆದುಕೊಂಡು ಪಾಕವಾಗುತ್ತದೆ, ಎರಡೂ ಸೇರಿ ಒಲೆಗೆ ಹೋಗುವ ಮೊದಲೇ ಸುರುಳಿಯಿಂದ ಜಾರಿರುತ್ತದೆ. ಕರಗಿಸಿ ಸವರಬೇಡಿ. ಮೆತ್ತಗಿರುವ ಬೆಣ್ಣೆಗೆ ಸಕ್ಕರೆ, ಚಕ್ಕೆ ಪುಡಿ, ಒಂದು ದೊಡ್ಡ ಚಮಚ ಮೈದಾ ಸೇರಿಸಿ ಚಟ್ನಿಯ ಹದಕ್ಕೆ ಕಲಸಿ ಹಚ್ಚಿ. ಆ ಮೈದಾ ಪಾಕವನ್ನು ಹಿಡಿದುಕೊಳ್ಳುತ್ತದೆ. ಕೊನೆಯ ಅಂಚಿನಲ್ಲಿ ಎರಡು ಬೆರಳಗಲ ಬಿಟ್ಟು, ಅಲ್ಲಿ ನೀರು ಸವರಿ ಅಂಟಿಸಿ.

ಈಗಿನ ಸೆಕೆಗೆ ಹೀಗೆ ಮಾಡಿ ನೋಡಿ. ರಾತ್ರಿ ಊಟ ಮುಗಿದ ಮೇಲೆ ಫ್ರಿಜ್ಜಿನ ತಣ್ಣನೆ ಹಾಲಿನಲ್ಲಿ ಕಲಸಿ, ಈಸ್ಟ್ 4 ಗ್ರಾಂ ಸಾಕು. ಚೆನ್ನಾಗಿ ನಾದಿ, ಒಂದು ಅರ್ಧ ಗಂಟೆ ಹೊರಗಿಟ್ಟು, ಎಣ್ಣೆ ಸವರಿದ ದೊಡ್ಡ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿ. ಬೆಳಿಗ್ಗೆ ಆರಕ್ಕೆ ತೆಗೆದರೆ ಹಿಟ್ಟು ಗಟ್ಟಿಯಾಗಿ ಲಟ್ಟಣಿಗೆಗೆ ಸಿಗುತ್ತದೆ, ಅಂಟಲ್ಲ. ಸುತ್ತಿದ ಉರುಳೆಯನ್ನು ಇಪ್ಪತ್ತು ನಿಮಿಷ ಮತ್ತೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಕತ್ತರಿಸಿ. ಚಾಕು ಬೇಡ, ದಾರ. ಉರುಳೆಯ ಕೆಳಗೆ ದಾರ ತೂರಿಸಿ, ಮೇಲೆ ಎರಡು ತುದಿ ಅಡ್ಡ ಹಾಯಿಸಿ ಎಳೆದರೆ ಸುರುಳಿ ಒಂದಿಷ್ಟೂ ಜಜ್ಜುವುದಿಲ್ಲ. ಬಿಸಿಲು ಅಡುಗೆಮನೆಗೆ ಬರುವ ಮೊದಲೇ ಕೆಲಸ ಮುಗಿದಿರುತ್ತದೆ.

ತಳ ಸುಟ್ಟದ್ದಕ್ಕೆ: ಚಪ್ಪಟೆ ಟ್ರೇ ಬಿಡಿ, ಅಂಚು ಎತ್ತರ ಇರುವ ಕೇಕ್ ಟಿನ್‌ನಲ್ಲಿ ಒತ್ತೊತ್ತಾಗಿ ಇಡಿ, ಟಿನ್ನನ್ನು ನಡುವಿನ ಸ್ಟ್ಯಾಂಡ್‌ನಲ್ಲಿಡಿ, ಕೆಳಗಿನ ಸ್ಟ್ಯಾಂಡ್‌ನಲ್ಲಿ ಖಾಲಿ ಟ್ರೇ. ತೊಟ್ಟಿಕ್ಕಿದ್ದು ಅದರ ಮೇಲೆ ಬೀಳುತ್ತದೆ, ರಾಡಿನ ನೇರ ಝಳವೂ ತಪ್ಪುತ್ತದೆ. 180 ಡಿಗ್ರಿ, 22ರಿಂದ 25 ನಿಮಿಷ, ಎರಡೂ ರಾಡ್ ಆನ್.

ಮಹಡಿಮನೆ, ತುಮಕೂರು

ಅಣ್ಣ, ತುಂಬಾ ಥ್ಯಾಂಕ್ಸ್. ಇಡ್ಲಿ ಹಿಟ್ಟಿನ ಮಾತು ಅತ್ತೆಗೆ ಓದಿ ಹೇಳಿದೆ. “ನಾನು ಒಂದು ಗಂಟೆ ಮೊದಲೇ ಹೇಳಿದ್ದೆ ಉಬ್ಬಿದೆ ನೋಡು ಅಂತ, ನೀನು ಮೊಬೈಲ್ ತೋರಿಸಿದೆ” ಅಂದರು. ಹೇಳಿದ್ದು ನಿಜ.

ದೊಡ್ಡಮ್ಮ, ಕೋಲಾರ

ಎಲ್ಲ ಸರಿ, ಬೆಣ್ಣೆ ಯಾವುದಮ್ಮ? ಎರಡು ಸಲವೂ ಒಂದೇನಾ?

ಮಹಡಿಮನೆ, ತುಮಕೂರು

ಇಲ್ಲ ದೊಡ್ಡಮ್ಮ. ಜನವರಿಯಲ್ಲಿ ಅಂಗಡಿಯ ಉಪ್ಪಿಲ್ಲದ ಬೆಣ್ಣೆ. ಈ ಸಲ ತುರುವೇಕೆರೆ ಕಡೆ ಅತ್ತೆಯ ತವರಿನಿಂದ ಡಬ್ಬಿ ತುಂಬ ಬೆಣ್ಣೆ ಬಂದಿತ್ತು, ಅದನ್ನೇ ಹಾಕಿದೆ. ಘಮ ಅಂತೂ ಬಹಳ ಚೆನ್ನಾಗಿತ್ತು.

ದೊಡ್ಡಮ್ಮ, ಕೋಲಾರ

ಅಲ್ಲಿದೆ ನೋಡು ಇನ್ನೊಂದು ಕಾರಣ. ಅಂಗಡಿ ಬೆಣ್ಣೆಯಲ್ಲಿ ನೂರಕ್ಕೆ 80 ಕೊಬ್ಬು, ಮಿಕ್ಕಿದ್ದರಲ್ಲಿ ಹೆಚ್ಚಿನದು ನೀರು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಎಷ್ಟೇ ತೊಳೆದರೂ ಮಜ್ಜಿಗೆ ನೀರು ಅದಕ್ಕಿಂತ ಜಾಸ್ತಿ ಉಳಿದಿರುತ್ತದೆ. ನಮ್ಮ ಮನೆಯಲ್ಲಿ ಹಸು ಇದೆ, ವಾರಕ್ಕೊಮ್ಮೆ ಕಡೆಯುತ್ತೇನೆ, ಅದಕ್ಕೇ ಹೇಳಿದ್ದು. ಹಿಟ್ಟು ಅಂಟಿದ್ದಕ್ಕೆ ಅರ್ಧ ಕಾರಣ ಸೆಕೆಯಾದರೆ ಅರ್ಧ ಈ ನೀರು. ಅದೇ ಬೇಕು ಅಂದರೆ ಹಿಂದಿನ ದಿನ ತಣ್ಣೀರಿನಲ್ಲಿ ಹಾಕಿ ಕೈಯಲ್ಲಿ ಚೆನ್ನಾಗಿ ಹಿಸುಕು, ನೀರು ಬೆಳ್ಳಗಾಗುವುದು ನಿಲ್ಲುವವರೆಗೂ ಬದಲಾಯಿಸು. ಆಮೇಲೆ ತಟ್ಟೆ ಓರೆ ಮಾಡಿ, ಮರದ ಸೌಟಿನಲ್ಲಿ ಒತ್ತಿ ಒತ್ತಿ ನೀರು ಇಳಿಸಿ ಫ್ರಿಜ್ಜಿನಲ್ಲಿಡು. ಹಾಲನ್ನೂ ಎರಡು ಮೂರು ಚಮಚ ಕಡಿಮೆ ಹಾಕು. ನನ್ನನ್ನು ಕೇಳಿದರೆ ಊರಿನ ಬೆಣ್ಣೆ ಕಾಯಿಸಿ ತುಪ್ಪ ಮಾಡಿಕೊಳ್ಳಿ, ಒಬ್ಬಟ್ಟಿಗೆ ಆಗುತ್ತದೆ. ಮೈದಾ ಉರುಳೆಯೊಳಗೆ ಹಾಕಿ ಓಟಿಜಿ ರಾಡಿಗೆ ಅಭಿಷೇಕ ಮಾಡುವುದಕ್ಕಾ ಅದನ್ನು ಊರಿಂದ ಕಳಿಸಿದ್ದು?

ಚಕ್ಕೆ ಪುಡಿ ನೀನೇ ಮಾಡಿದ್ದಾ? ದಪ್ಪ ಚಕ್ಕೆ ಹಾಗೇ ಮಿಕ್ಸಿಗೆ ಹಾಕಿದರೆ ಬ್ಲೇಡು ಹಾಳಾಗುತ್ತದೆ, ಪುಡಿಯೂ ಮರಳಿನ ಥರ ಹಲ್ಲಿಗೆ ಸಿಗುತ್ತದೆ. ಬಿಸಿಲಲ್ಲಿ ಗರಿಗರಿ ಮಾಡಿ, ಕುಟ್ಟಾಣಿಯಲ್ಲಿ ಚೂರು ಮಾಡಿ, ಆಮೇಲೆ ಮಿಕ್ಸಿ, ಕೊನೆಗೆ ಮೈದಾ ಜರಡಿ.

ಬೇಕರಿ ಮನೆಯವ, ತುಮಕೂರು

ದೊಡ್ಡಮ್ಮ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ, ಬೇಕರಿಗೆ ಊರ ಬೆಣ್ಣೆ ಎಲ್ಲಿಂದ ಬರಬೇಕು. ಚಕ್ಕೆ ಬಗ್ಗೆ ಒಂದು ಮಾತು. ಅದನ್ನು ಹೂರಣಕ್ಕೆ ಮಾತ್ರ ಹಾಕಿ, ಘಮಕ್ಕೆ ಅಂತ ಹಿಟ್ಟಿಗೆ ಕಲಸಬೇಡಿ. ಚಕ್ಕೆಯ ಎಣ್ಣೆ ಈಸ್ಟನ್ನು ಅದುಮುತ್ತದೆ. ಕಿರಾಣಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ ಒರಟು ತೊಗಟೆ ಕ್ಯಾಸಿಯಾ, ಖಾರ ಜಾಸ್ತಿ. ಶ್ರೀಲಂಕಾದ್ದು ತೆಳ್ಳಗೆ, ಹಾಳೆ ಹಾಳೆಯಾಗಿ ಸುತ್ತಿಕೊಂಡಿರುತ್ತದೆ, ಬೆರಳಲ್ಲೇ ಮುರಿಯುತ್ತದೆ, ಘಮ ಮೃದು. ರೋಲ್‌ಗೆ ನನಗೆ ಆ ದಪ್ಪ ಚಕ್ಕೆಯೇ ಇಷ್ಟ, ಪಲಾವ್ ಚಕ್ಕೆ ಅಂತ ಕೆಲವರು ಮೂಗು ಮುರಿಯುತ್ತಾರೆ, ಸುಮ್ನೆ.

ಆಸ್ಪತ್ರೆ ಡ್ಯೂಟಿ, ಕೋಲಾರ

ರೋಲ್ ವಿಚಾರ ನನಗೆ ಗೊತ್ತಿಲ್ಲ, ಕೈ ವಿಚಾರ ಹೇಳುತ್ತೇನೆ. ನಾನು ನರ್ಸ್. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಇಂಕು, ಅರಿಶಿನ, ತುಪ್ಪ, ಐಸ್ ಯಾವುದೂ ಬೇಡ. ಪೇಸ್ಟ್ ತಣ್ಣಗೆ ಅನಿಸುತ್ತದೆ ಅಷ್ಟೇ, ಒಳಗಿನ ಬಿಸಿ ಇಳಿಯಲ್ಲ, ಆಮೇಲೆ ಅದನ್ನು ತೆಗೆಯುವಾಗ ಚರ್ಮ ಕಿತ್ತು ಬರುತ್ತದೆ. ಸಕ್ಕರೆ ಪಾಕ ನೀರಿಗಿಂತ ಬಿಸಿ, ಸಾಲದ್ದಕ್ಕೆ ಅಂಟಿಕೊಂಡು ಕೂರುತ್ತದೆ. ಬಿದ್ದ ತಕ್ಷಣ ಬಳೆ, ವಾಚು ಬಿಚ್ಚಿ. ಆಮೇಲೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಇಪ್ಪತ್ತು ನಿಮಿಷ ಅಂದರೆ ಇಪ್ಪತ್ತೇ, ಜನ ಎರಡಕ್ಕೇ ಕೈ ತೆಗೆಯುತ್ತಾರೆ.

ಆದರೆ ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಒಂದು ತೊಂದರೆ ಇದೆ, ಅದನ್ನು ಯಾರೂ ಹೇಳಲ್ಲ. ತಾರಸಿ ಮೇಲಿನ ಕಪ್ಪು ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರು ಸ್ನಾನಕ್ಕೆ ಆಗುವಷ್ಟು ಬಿಸಿ ಇರುತ್ತದೆ. ಅದರ ಕೆಳಗೆ ಕೈ ಹಿಡಿದರೆ ಏನು ಬಂತು? ಮಣ್ಣಿನ ಹೂಜಿಯದ್ದೋ ಸಂಪಿನದ್ದೋ ನೀರನ್ನು ಚೊಂಬಿನಲ್ಲಿ ಹೊಯ್ಯುತ್ತಾ ಇರಿ. ಬೊಬ್ಬೆ ಎದ್ದರೆ ಒಡೆಯಬೇಡಿ. ನಿಮ್ಮ ಬೊಬ್ಬೆ ಅಂಗೈಯಷ್ಟು ದೊಡ್ಡದಾಗಿದ್ದರೆ, ಕೀವು ಅಥವಾ ಜ್ವರ ಕಂಡರೆ ಇವತ್ತೇ ತೋರಿಸಿ. ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯುವುದು ಇನ್ನೊಂದು. ಅದರ ನೀರು ಕ್ಷಣದಲ್ಲಿ ಆವಿಯಾಗಿ ಕೈಗೆ ಹೊಡೆಯುತ್ತದೆ. ಓಟಿಜಿ ಪಕ್ಕ ಒಂದು ಮೊಳೆ ಹೊಡೆದು ದಪ್ಪ ಒಣ ಬಟ್ಟೆ ನೇತು ಹಾಕಿ, ಅದನ್ನು ಕಟ್ಟೆ ಒರೆಸುವುದಕ್ಕೆ ಯಾರಿಗೂ ಕೊಡಬೇಡಿ.

ಮಹಡಿಮನೆ, ತುಮಕೂರು

ಚಿಕ್ಕ ಬೊಬ್ಬೆ ಅಕ್ಕ, ಕಡಲೆಕಾಳಿನಷ್ಟು, ಒಣಗುತ್ತಿದೆ. ಟ್ಯಾಂಕಿನ ನೀರಿನ ವಿಷಯ ನೂರಕ್ಕೆ ನೂರು ನಿಜ. ಅವತ್ತು ನಲ್ಲಿ ಬಿಟ್ಟು ಕೈ ಒಡ್ಡಿದವಳು ಚೀರಿದ್ದೆ.

ವೈರಿಂಗ್ ಕೆಲಸ, ಚಿಕ್ಕಬಳ್ಳಾಪುರ

ಓಟಿಜಿ ಯಾವ ಪ್ಲಗ್‌ಗೆ ಹಾಕಿದ್ದೀರಿ? ಮಿಕ್ಸಿ ಹಾಕುವ ಸಣ್ಣ ಪಾಯಿಂಟಿಗಾ? ಎಕ್ಸ್‌ಟೆನ್ಷನ್ ಬೋರ್ಡಾ?

ಮಹಡಿಮನೆ, ತುಮಕೂರು

ಎಕ್ಸ್‌ಟೆನ್ಷನ್. ಪ್ಲಗ್ ಸ್ವಲ್ಪ ಬಿಸಿ ಆಗುತ್ತದೆ. ಅದಕ್ಕೂ ರೋಲ್‌ಗೂ ಏನು ಸಂಬಂಧ?

ವೈರಿಂಗ್ ಕೆಲಸ, ಚಿಕ್ಕಬಳ್ಳಾಪುರ

ರೋಲ್‌ಗೆ ಸಂಬಂಧ ಇಲ್ಲ ಮೇಡಂ, ಮನೆಗೆ ಇದೆ. ಮನೆಯ ಓಟಿಜಿ ಸಣ್ಣದು ಬಿಟ್ಟರೆ ಹೆಚ್ಚಾಗಿ 1500ರಿಂದ 2000 ವ್ಯಾಟ್ ಇರುತ್ತದೆ. 230 ವೋಲ್ಟಿಗೆ ಲೆಕ್ಕ ಹಾಕಿದರೆ ಆರೂವರೆಯಿಂದ ಎಂಟೂವರೆ ಆಂಪಿಯರ್ ಮೇಲೆ ಎಳೆಯುತ್ತದೆ. ಸಣ್ಣ ಪಾಯಿಂಟು ಇರುವುದೇ 6 ಆಂಪಿಯರಿಗೆ. ಅರ್ಧ ಗಂಟೆ ಒಂದೇ ಸಮ ಓಡಿದರೆ ಒಳಗಿನ ಹಿತ್ತಾಳೆ ಕಾದು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ, ಹಿಂದೆಯೇ ಸುಟ್ಟ ವಾಸನೆ. ನೀವು ಅದನ್ನೂ ರೋಲ್ ವಾಸನೆ ಅಂದುಕೊಳ್ಳುತ್ತೀರಿ. ಗೀಸರ್, ವಾಷಿಂಗ್ ಮಷಿನ್‌ಗೆ ಇರುವ 16 ಆಂಪಿಯರ್ ಪವರ್ ಪಾಯಿಂಟಿಗೇ ಹಾಕಿ. ಅಡುಗೆಮನೆಯಲ್ಲಿ ಇಲ್ಲದಿದ್ದರೆ ಮನೆ ಮಾಲೀಕರಿಗೆ ಹೇಳಿ ಒಂದು ಎಳೆಸಿಕೊಳ್ಳಿ, ದಪ್ಪ ವೈರು, ಅರ್ತ್ ಸಮೇತ. ಯುಪಿಎಸ್ ಮೇಲೆ ಓಡಿಸುವ ಯೋಚನೆ ಬೇಡ, ಮನೆಯ ಸಾಮಾನ್ಯ ಯುಪಿಎಸ್ ಅಷ್ಟು ತಡೆಯಲ್ಲ.

ಸುಮ್ನೆ ಓದುವವ

ಸರಿ ಸರಿ, ಈಸ್ಟ್ ಸತ್ತಿಲ್ಲ. ಒಪ್ಪಿದೆ. ಆದರೆ ಕರೆಂಟ್ ಹೋದರೆ ಏನು ಮಾಡಬೇಕು ಅಂತ ಒಬ್ಬರೂ ಹೇಳಲಿಲ್ಲವಲ್ಲ?

ಚಾಂಪಿಯನ್ ರೀಫ್ ಮಗಳು, ಕೆಜಿಎಫ್

ನಾನು ಹೇಳುತ್ತೇನೆ. 1902ರಲ್ಲೇ ಶಿವನಸಮುದ್ರದಿಂದ ನಮ್ಮ ಗಣಿಗೆ ಕರೆಂಟ್ ಬಂತು ಅಂತ ಕೊಚ್ಚಿಕೊಳ್ಳುವ ಊರು ನಮ್ಮದು, ಆದರೂ ಕೇಕ್ ಒಳಗಿಟ್ಟಾಗಲೇ ಹೋಗುತ್ತದೆ. ರೋಲ್ ಇನ್ನೂ ಒಲೆಗೆ ಹೋಗಿಲ್ಲ ಅಂದರೆ ಟಿನ್ ಸಮೇತ ಫ್ರಿಜ್ಜಿಗೆ. ಬಾಗಿಲು ತೆಗೆಯದಿದ್ದರೆ ಕರೆಂಟ್ ಇಲ್ಲದೆಯೂ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ, ಹಿಟ್ಟು ಅಲ್ಲಿ ಕಾಯುತ್ತದೆ. ಅರ್ಧ ಬೆಂದಾಗ ಹೋದರೆ ಕಾಯುತ್ತಾ ಕೂರಬೇಡಿ, ಓಟಿಜಿ ಗೋಡೆ ತೆಳು, ಬಿಸಿ ಬೇಗ ಇಳಿಯುತ್ತದೆ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಕಲ್ಲುಪ್ಪು ಒಂದು ಬೆರಳು ಹಾಕಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಗ್ಯಾಸ್ ಮೇಲೆ ಕಾಯಿಸಿ. ಟಿನ್ ಒಳಗಿಟ್ಟು ಸಣ್ಣ ಉರಿಯಲ್ಲಿ ಮುಗಿಸಿ. ಮೇಲೆ ಕೆಂಪಾಗುವುದಿಲ್ಲ, ಆದರೆ ಹಸಿ ಇರಲ್ಲ. ಐಸಿಂಗ್ ಸುರಿದರೆ ಯಾರಿಗೆ ಕಾಣುತ್ತದೆ? ಕುಕ್ಕರಿನಲ್ಲಿ ಮಾಡುವುದಾದರೆ ಗ್ಯಾಸ್ಕೆಟ್ಟು, ವೆಯ್ಟು ಎರಡೂ ತೆಗೆದಿಡಿ.

ಚಿಂತಾಮಣಿ ಹುಡುಗ, ಈಗ ಸ್ವೀಡನ್

ಬೇಕರಿ ಅಣ್ಣ ಹೇಳಿದ 20 ಡಿಗ್ರಿ ಅಡುಗೆಮನೆಯಲ್ಲೇ ನಾನು ಕೂತಿದ್ದೇನೆ. ಇಲ್ಲಿ ಇದಕ್ಕೆ ಕನೆಲ್‌ಬುಲ್ಲೆ ಅಂತಾರೆ, 1999ರಿಂದ ಅಕ್ಟೋಬರ್ 4ಕ್ಕೆ ಇದಕ್ಕೇ ಅಂತ ಒಂದು ದಿನ ಬೇರೆ ಇದೆ. ಆಫೀಸಿನಲ್ಲಿ ಅವತ್ತು ಕಾಫಿ ಜೊತೆ ಬುಟ್ಟಿಗಟ್ಟಲೆ ಇಡುತ್ತಾರೆ. ನೀವು ಮಾಡಿದ್ದು ಅಮೆರಿಕದ ಥರ, ಒತ್ತೊತ್ತಾಗಿ ಇಟ್ಟು ಮೇಲೆ ಐಸಿಂಗ್ ಸುರಿಯುವುದು. ಇಲ್ಲಿಯವರು ಒಂದೊಂದನ್ನೂ ಬಿಡಿಬಿಡಿಯಾಗಿ ಕಾಗದದ ಮೇಲಿಟ್ಟು 225 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷಕ್ಕೆ ತೆಗೆದುಬಿಡುತ್ತಾರೆ. ಹಿಟ್ಟಿಗೆ ಏಲಕ್ಕಿ ಕುಟ್ಟಿ ಹಾಕುತ್ತಾರೆ, ತರಿತರಿಯಾಗಿ. ಮೊದಲ ಸಲ ತಿಂದಾಗ ಊರ ಜಾತ್ರೆಯ ಮಿಠಾಯಿ ಅಂಗಡಿ ಮುಂದೆ ನಿಂತ ಹಾಗಾಯಿತು. ಮೇಲೆ ಉದುರಿಸಲು ಕರಗದ ಬಿಳಿ ಸಕ್ಕರೆ ಹರಳು ಸಿಗುತ್ತದೆ, ಊರಿಗೆ ಬಂದಾಗ ಅಮ್ಮ ಅದರ ಬದಲು ಕಲ್ಲುಸಕ್ಕರೆ ಜಜ್ಜಿ ಹಾಕಿದರು, ಏನೂ ಕಡಿಮೆ ಇರಲಿಲ್ಲ. ನಿಮ್ಮ ಅತ್ತೆಗೆ ಈ ಏಲಕ್ಕಿಯದ್ದು ಹಿಡಿಸಬಹುದು, ಸಿಹಿ ಕಡಿಮೆ.

ಮಹಡಿಮನೆ, ತುಮಕೂರು

ಮಾಡಿದೆ, ಅಂತೂ! ರಾತ್ರಿ ತಣ್ಣನೆ ಹಾಲಿನಲ್ಲಿ ಕಲಸಿ ಫ್ರಿಜ್ಜಿಗೆ ಹಾಕಿದ್ದೆ, ಹಿಟ್ಟಿಗೆ ಏಲಕ್ಕಿ ಸೇರಿಸಿದೆ. ಬೆಳಿಗ್ಗೆ ಡಬ್ಬಿ ತೆಗೆದರೆ ಹಿಟ್ಟು ಗುಂಡಗೆ, ತಣ್ಣಗೆ, ಬೆರಳಿಟ್ಟರೆ ಗುಳಿ ನಿಧಾನಕ್ಕೆ ತುಂಬಿಕೊಂಡಿತು. ಬೆರಳಿಟ್ಟದ್ದು ನಾನಲ್ಲ, ಅತ್ತೆ. ಲಟ್ಟಿಸಿದ್ದೂ ಅವರೇ, ಒಬ್ಬಟ್ಟಿನ ಕೈ, ನಾಲ್ಕೂ ಮೂಲೆ ಚೌಕವಾಗಿ ಬಂತು. ದಾರಕ್ಕೆ ಮನೆಯಲ್ಲಿ ಹೂ ಕಟ್ಟುವ ನೂಲು ಇತ್ತು, ಹೊಸ ಉಂಡೆ ಬಿಚ್ಚಿದೆವು, ಹಳೆಯದರಲ್ಲಿ ಮರುಗದ ಘಾಟು. ಪವರ್ ಪಾಯಿಂಟ್ ಹಾಲ್‌ನಲ್ಲಿ ಮಾತ್ರ ಇದೆ, ಹಾಗಾಗಿ ಓಟಿಜಿ ಈಗ ಟಿವಿ ಪಕ್ಕ ಕೂತಿದೆ. ಮನೆಯವರು ನ್ಯೂಸ್ ನೋಡುತ್ತಾ ರೋಲ್ ಕೆಂಪಾಗುವುದನ್ನೂ ನೋಡಿದರು.

ಸುರುಳಿ ಬಿಚ್ಚಲಿಲ್ಲ, ತಳ ಸುಡಲಿಲ್ಲ, ಕೆಳಗಿನ ಟ್ರೇ ಮೇಲೆ ಬಿದ್ದದ್ದು ಮೂರು ನಾಲ್ಕು ಹನಿ ಪಾಕ ಅಷ್ಟೇ. ಐಸಿಂಗ್ ಮಾತ್ರ ಕೈ ಕೊಟ್ಟಿತು. ಕ್ರೀಂ ಚೀಸ್ ಇಲ್ಲಿ ದುಬಾರಿ ಅಂತ ಮೊಸರು ಬಟ್ಟೆಯಲ್ಲಿ ಕಟ್ಟಿ ನೇತು ಹಾಕಿ, ಬೆಣ್ಣೆ ಮತ್ತು ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಸೇರಿಸಿದೆ, ನೀರಾಗಿ ಟಿನ್ ತಳಕ್ಕೆ ಇಳಿಯಿತು. ಇನ್ನೊಂದು, ಅವತ್ತು ರಾಡಿನ ಮೇಲೆ ಬಿದ್ದ ಪಾಕ ಕಪ್ಪಗೆ ಗಟ್ಟಿಯಾಗಿ ಕೂತಿದೆ, ಆನ್ ಮಾಡಿದಾಗಲೆಲ್ಲ ಸ್ವಲ್ಪ ಹೊಗೆ. ನೀರು ಹಾಕಿ ಉಜ್ಜಬಹುದಾ?

ದೊಡ್ಡಮ್ಮ, ಕೋಲಾರ

ಮೊಸರನ್ನು ರಾತ್ರಿಯಿಡೀ ಕಟ್ಟಬೇಕು, ಹೊರಗಲ್ಲ, ಫ್ರಿಜ್ಜಿನೊಳಗೆ ಜರಡಿಯ ಮೇಲೆ. ಹೊರಗೆ ನೇತು ಹಾಕಿದರೆ ಈ ಸೆಕೆಗೆ ಹುಳಿಯಾಗುತ್ತದೆ. ಬೆರಳಲ್ಲಿ ಉಂಡೆ ಕಟ್ಟಲು ಬರುವಷ್ಟು ಗಟ್ಟಿಯಾಗಲಿ. ಮನೆಯಲ್ಲಿ ಪುಡಿ ಮಾಡಿದ ಸಕ್ಕರೆಗೆ ಒಂದು ಲೋಟಕ್ಕೆ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸು, ಅಂಗಡಿ ಐಸಿಂಗ್ ಶುಗರಿನಲ್ಲಿ ಅದು ಇರುತ್ತದೆ. ರೋಲ್ ಬಿಸಿ ಇರುವಾಗ ಸುರಿಯಬೇಡ. ಮುಟ್ಟಿದರೆ ಬೆಚ್ಚಗೆ ಅನ್ನಿಸಬೇಕು ಅಷ್ಟೇ. ಮಿಕ್ಕ ಐಸಿಂಗ್ ಬಟ್ಟಲನ್ನು ನೀರು ತುಂಬಿದ ತಟ್ಟೆಯ ನಡುವೆ ಇಡು, ಇರುವೆ ಬರಲ್ಲ.

ವೈರಿಂಗ್ ಕೆಲಸ, ಚಿಕ್ಕಬಳ್ಳಾಪುರ

ರಾಡಿಗೆ ನೀರು ಹಾಕಬೇಡಿ, ಸ್ಪ್ರೇ ಅಂತೂ ಬೇಡವೇ ಬೇಡ. ಮೊದಲು ಪ್ಲಗ್ ಕಿತ್ತು ಪೂರ್ತಿ ಆರಲು ಬಿಡಿ. ಕೆಳಗಿನ ತಗಡಿನ ಟ್ರೇ ಹೊರಗೆ ಬರುತ್ತದೆ, ಅದನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಸಕ್ಕರೆ ತಾನಾಗಿ ಬಿಡುತ್ತದೆ. ಕರಿ ಉಳಿದರೆ ಸೋಡಾಪುಡಿ ಪೇಸ್ಟ್. ರಾಡಿನ ಮೇಲಿನದನ್ನು ಮರದ ಚಮಚದ ಹಿಡಿಯಲ್ಲಿ ಮೆಲ್ಲಗೆ ತಟ್ಟಿದರೆ ಚಕ್ಕಳ ಚಕ್ಕಳವಾಗಿ ಉದುರುತ್ತದೆ, ಚಾಕು, ಸ್ಟೀಲ್ ನಾರು ಬೇಡ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಕಿಟಕಿ ತೆಗೆದು ಹತ್ತು ನಿಮಿಷ ಖಾಲಿ ಓಡಿಸಿ. ಟಿವಿಯಿಂದಲೂ ಕರ್ಟನ್‌ನಿಂದಲೂ ಒಂದು ಅಡಿಯಾದರೂ ದೂರ ಸರಿಸಿ.